ಚಲಿಸುವ ಸಂವೇದಕಕ್ಕೆ ದಾರಿ ಹಾಕಿಕೊಟ್ಟ ಬಗೆ

ಕೆರೆಯ ನೀರಿನಲ್ಲಿ ಕರಗಿರುವ ಆಮ್ಲಜನಕವು ಹಗಲಿನಲ್ಲಿ ಪಾಚಿಯ ದ್ಯುತಿಸಂಶ್ಲೇಷಣೆಯಿಂದ ಏರಿ ರಾತ್ರಿ ಇಳಿಯುತ್ತದೆ. ಈ ಏರಿಳಿತದ ನಕ್ಷೆಯನ್ನು ಒಂದೇ ಸ್ವಯಂಚಾಲಿತ ದೋಣಿಯಿಂದ ತಯಾರಿಸುವ ಕೆಲಸ ನನ್ನ ಪಾಲಿಗೆ ಬಂದಾಗ, ದಾರಿಯ ಲೆಕ್ಕಕ್ಕೆ ಕೈಹಾಕುವ ಮೊದಲು ನಾನು ತಿಳಿಯಬೇಕಾಗಿದ್ದುದು ಇಷ್ಟು: ಒಂದೆಡೆ ಪಡೆದ ಅಳತೆಯನ್ನು ಎಷ್ಟು ದೂರದವರೆಗೆ, ಎಷ್ಟು ಹೊತ್ತಿನವರೆಗೆ ನಂಬಬಹುದು? ದೋಣಿ ಸುತ್ತು ಮುಗಿಸುವಷ್ಟರಲ್ಲಿ ಮೊದಲ ಅಳತೆ ಹಳಸಿಹೋಗುವುದಾದರೆ, ಗದ್ದೆ ಉಳುವಂತೆ ಸಾಲುಸಾಲಾಗಿ ಓಡಿಸುವುದರಲ್ಲಿ ಅರ್ಥವಿಲ್ಲ.

ನೇರವಾಗಿ ಸಾಗುವ ದೋಣಿಯ ದತ್ತಾಂಶದಲ್ಲಿ ಕಂಡ ಬದಲಾವಣೆ ಜಾಗದಿಂದಾದುದೋ ಹೊತ್ತಿನಿಂದಾದುದೋ ಎಂದು ಬೇರ್ಪಡಿಸಲು ಬರುವುದಿಲ್ಲ. ಆದ್ದರಿಂದ ಒಂದು ಸಂವೇದಕವನ್ನು ಲಂಗರು ಹಾಕಿ ನಿಲ್ಲಿಸಿ, ದೋಣಿಯನ್ನು ಹೋದ ದಾರಿಯಲ್ಲೇ ಹಿಂದಕ್ಕೆ ಕರೆಸಿದೆ. ಹೋಗುವಾಗಿನ ಮತ್ತು ಬರುವಾಗಿನ ರೇಖೆಗಳಲ್ಲಿ ಆಮ್ಲಜನಕದ ಒಂದೇ ಇಳಿತ ಎರಡು ಬೇರೆ ಜಾಗಗಳಲ್ಲಿ, ಪ್ರತಿಸಲವೂ ಸಾಗುವ ದಿಕ್ಕಿನಲ್ಲಿ ಮುಂದಕ್ಕೆ ಸರಿದು ಕಾಣಿಸಿತು. ಅದು ನೀರಿನ ಗುಣವಲ್ಲ, ಬದಲಾವಣೆಯನ್ನು ತಡವಾಗಿ ತೋರಿಸುವ ಸಂವೇದಕದ ನಿಧಾನ. ಸೆಕೆಂಡಿಗೆ 1 ಮೀಟರ್ ವೇಗದಲ್ಲಿ 30 ಸೆಕೆಂಡು ತಡವಾದರೆ ಅಳತೆ 30 ಮೀಟರ್ ಆಚೆಯ ಜಾಗದ ಹೆಸರಿಗೆ ದಾಖಲಾಗುತ್ತದೆ. ಈ ತಿದ್ದುಪಡಿಯಿಲ್ಲದೆ ಮುಂದಿನ ಯಾವ ಲೆಕ್ಕವೂ ನಿಲ್ಲದು.

ಮಾದರಿಗೆ ಜಾಗ ಮತ್ತು ಕಾಲವೆರಡನ್ನೂ ಒಳಗೊಂಡ ಗಾಸಿಯನ್ ಪ್ರಕ್ರಿಯೆಯನ್ನು ಆರಿಸಿದೆ; ಇದು ಅಳೆದ ಬಿಂದುಗಳಿಂದ ಅಳೆಯದ ಬಿಂದುಗಳ ಬೆಲೆಯನ್ನೂ ಆ ಅಂದಾಜಿನ ಅನಿಶ್ಚಿತತೆಯನ್ನೂ ಕೊಡುವ ಸಂಖ್ಯಾಶಾಸ್ತ್ರೀಯ ವಿಧಾನ. ಸಹಸಂಬಂಧದ ವ್ಯಾಪ್ತಿಗಳು, ಅಂದರೆ ಒಂದು ಅಳತೆ ಎಷ್ಟು ದೂರ, ಎಷ್ಟು ಹೊತ್ತು ನಂಬಿಕೆಗೆ ಅರ್ಹ ಎಂಬುದು, ಒಮ್ಮೆ ನಿಗದಿಯಾದರೆ, ಅಂದಾಜಿನ ಅನಿಶ್ಚಿತತೆ ಎಲ್ಲಿ, ಯಾವಾಗ ಅಳೆದೆವು ಎಂಬುದನ್ನು ಮಾತ್ರ ಅವಲಂಬಿಸುತ್ತದೆ, ಬಂದ ಅಳತೆಯ ಬೆಲೆಯನ್ನಲ್ಲ. ಹಾಗಾಗಿ ದೋಣಿ ನೀರಿಗಿಳಿಯುವ ಮೊದಲೇ ದಾರಿಗಳನ್ನು ತೂಗಿ ನೋಡಬಹುದು. ಆದರೆ ಅನಿಶ್ಚಿತತೆ ಹೆಚ್ಚಿರುವ ಬಿಂದುಗಳನ್ನೇ ಬೆನ್ನಟ್ಟಿದರೆ ದೋಣಿ ದಡಕ್ಕೆ ಅಂಟಿಕೊಳ್ಳುತ್ತದೆ, ಏಕೆಂದರೆ ಅಂಚಿನ ಬಿಂದುಗಳಿಗೆ ನೆರೆಯ ಅಳತೆಗಳು ಕಡಿಮೆ. ಅದಕ್ಕಾಗಿ ನಾನು ಇಡೀ ಕೆರೆಯ ಸರಾಸರಿ ಅನಿಶ್ಚಿತತೆಯನ್ನು ಯಾವ ದಾರಿ ಹೆಚ್ಚು ತಗ್ಗಿಸುತ್ತದೆ ಎಂಬುದನ್ನೇ ಮಾನದಂಡವಾಗಿಸಿದೆ.

ಬಿಂದುಗಳನ್ನು ಒಂದೊಂದಾಗಿ, ಆಗಿಂದಾಗ್ಗೆ ಅತ್ಯುತ್ತಮವಾದುದನ್ನು ಆರಿಸುವ ದುರಾಸೆಯ ವಿಧಾನಕ್ಕೆ, ಗುರಿಯು ಇಳಿಮುಖ ಲಾಭದ ನಿಯಮ ಪಾಲಿಸಿದಲ್ಲಿ (ಪ್ರತಿ ಹೊಸ ಅಳತೆಯೂ ಲಾಭವನ್ನು ಕುಗ್ಗಿಸದೆ, ಹಿಂದಿನದಕ್ಕಿಂತ ಹೆಚ್ಚಿಲ್ಲದಷ್ಟು ಸೇರಿಸುವುದಾದರೆ), ಸಾಧ್ಯವಿರುವ ಗರಿಷ್ಠ ಲಾಭದ ಕನಿಷ್ಠ ಸುಮಾರು 63% ಖಚಿತವೆಂದು 1978ರಲ್ಲೇ ಸಾಧಿಸಲಾಗಿದೆ. ಪ್ರಯಾಣದ ದೂರವೂ ಬ್ಯಾಟರಿಯೂ ಲೆಕ್ಕಕ್ಕೆ ಬಂದಾಗ ಆ ಭರವಸೆ ಉಳಿಯುವುದಿಲ್ಲ. ಹೀಗಾಗಿ ಹಲವು ದಾರಿಗಳನ್ನು ಯಾದೃಚ್ಛಿಕವಾಗಿ ರಚಿಸಿ, ಉತ್ತಮವಾದುದರ ಮೊದಲ ತುಣುಕನ್ನಷ್ಟೇ ಓಡಿಸಿ, ಮತ್ತೆ ಯೋಜಿಸುವ ಕ್ರಮವನ್ನು ಹಿಡಿದೆ. ಎದುರುಗಾಳಿಯಲ್ಲಿ ಮರಳಲು ಬೇಕಾದ ಬ್ಯಾಟರಿಯನ್ನು ಪ್ರತಿ ಮರುಯೋಜನೆಯಲ್ಲೂ ಮೊದಲೇ ತೆಗೆದಿರಿಸಿ, ಉಳಿದುದನ್ನು ಮಾತ್ರ ದಾರಿಗೆ ಹಂಚುತ್ತೇನೆ.