ಸ್ಟಾರ್ ಬದಿಗಿಟ್ಟು ತಪಾಸಣೆ ವರದಿ ಓದಿದೆ

ಅಮೆರಿಕದಲ್ಲಿ ನಮ್ಮ ಅತ್ತೆಗೆ ಸ್ಟ್ರೋಕ್ ಆದ ಮೇಲೆ ನರ್ಸಿಂಗ್ ಹೋಮ್, ಅಂದರೆ ಅಶಕ್ತರನ್ನು ಇರಿಸಿಕೊಂಡು ನೋಡಿಕೊಳ್ಳುವ ಆರೈಕೆ ಮನೆ, ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಆಸ್ಪತ್ರೆಯವರು ಒಂದು ಪಟ್ಟಿ ಕೊಟ್ಟು, ಬೇಗ ಆರಿಸಿ ಅಂದರು.

ಮೆಡಿಕೇರ್ ಅಂದರೆ ಮುಖ್ಯವಾಗಿ ವಯಸ್ಸಾದವರಿಗಾಗಿ ಇರುವ ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ. ಅವರ 'ಕೇರ್ ಕಂಪೇರ್' ವೆಬ್‌ಸೈಟಿನಲ್ಲಿ ಹೋಮ್‌ಗಳಿಗೆ ಒಂದರಿಂದ ಐದರವರೆಗೆ ಸ್ಟಾರ್ ಕೊಟ್ಟಿರುತ್ತಾರೆ. ತುಂಬಾ ಜನ ಅಷ್ಟು ನೋಡಿ ಮುಗಿಸುತ್ತಾರೆ. ಆದರೆ ತಪಾಸಣೆ, ಸಿಬ್ಬಂದಿ, ಆರೈಕೆಯ ಗುಣಮಟ್ಟ ಈ ಮೂರೂ ಸೇರಿ ಆ ಸ್ಟಾರ್ ಬರುತ್ತದೆ. ಗುಣಮಟ್ಟದ ಅಂಕಿಗಳಲ್ಲಿ ಬಹಳಷ್ಟು ಹೋಮಿನವರೇ ಬರೆದುಕೊಟ್ಟದ್ದು. ತಮ್ಮ ಪರೀಕ್ಷೆಗೆ ತಾವೇ ಮಾರ್ಕ್ಸ್ ಹಾಕಿಕೊಂಡ ಹಾಗೆ, ಅಲ್ವಾ? ಹಾಗಾಗಿ ನಾನು ನೇರವಾಗಿ ತಪಾಸಣೆ ವರದಿಗಳನ್ನೇ ತೆರೆದೆ.

ಮೆಡಿಕೇರ್ ಅಥವಾ ಮೆಡಿಕೇಡ್ (ಕಡಿಮೆ ಆದಾಯದವರ ಸರ್ಕಾರಿ ವಿಮೆ) ದುಡ್ಡು ಪಡೆಯುವ ಹೋಮ್‌ಗಳಿಗೆ ರಾಜ್ಯದ ತಪಾಸಕರು ಮುಂಚೆ ತಿಳಿಸದೆ ಬರುತ್ತಾರೆ. ಎರಡು ತಪಾಸಣೆಗಳ ನಡುವೆ 15 ತಿಂಗಳಿಗಿಂತ ಜಾಸ್ತಿ ಆಗಬಾರದು ಅನ್ನುವುದು ನಿಯಮ. ದೂರು ಬಂದರೆ ನಡುವೆಯೂ ಬರಬಹುದು. ಕಂಡ ಕೊರತೆಗಳನ್ನು 2567 ಅನ್ನುವ ಫಾರ್ಮ್‌ನಲ್ಲಿ ಬರೆದು, ಒಂದೊಂದಕ್ಕೂ 'ಎ'ಯಿಂದ 'ಎಲ್'ವರೆಗಿನ ಒಂದು ಅಕ್ಷರ ಹಾಕುತ್ತಾರೆ. 'ಜಿ', 'ಎಚ್', 'ಐ' ಅಂದರೆ ಯಾರಿಗೋ ನಿಜವಾಗಿ ಪೆಟ್ಟಾಗಿದೆ. 'ಜೆ', 'ಕೆ', 'ಎಲ್' ಬಂದರೆ ಪ್ರಾಣಾಪಾಯದ ಮಟ್ಟದ್ದು. ಅಂಥದ್ದು ಕಂಡ ಹೋಮ್‌ಗಳನ್ನು ಮೊದಲೇ ಕೈಬಿಟ್ಟೆ.

ಆದರೆ ಬರೀ ಅಕ್ಷರ ಸಾಲದು, ಒಳಗಿನ ಬರಹವನ್ನೂ ಓದಬೇಕು. ಒಳ್ಳೆಯ ಸ್ಟಾರ್ ಇದ್ದ ಒಂದು ಹೋಮಿನ ವರದಿಯಲ್ಲಿ, ನುಂಗಲು ಕಷ್ಟಪಡುವ ಒಬ್ಬರಿಗೆ ಮೆತ್ತಗೆ ಮಾಡದ ಊಟವನ್ನೇ ಕೊಟ್ಟಿದ್ದರು ಅಂತ ಇತ್ತು. ಅವರಿಗೆ ಏನೂ ಆಗಲಿಲ್ಲ, ಅದಕ್ಕೆ ಬರೀ 'ಡಿ' ಹಾಕಿದ್ದರು. ನಮ್ಮ ಅತ್ತೆಗೂ ಸ್ಟ್ರೋಕ್ ಆದಮೇಲೆ ನುಂಗುವುದೇ ದೊಡ್ಡ ಕಷ್ಟ. ಸರ್ಕಾರದ ಲೆಕ್ಕದಲ್ಲಿ ಸಣ್ಣದಾದ ಆ 'ಡಿ' ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿತು. ಅದರ ಮುಂದಿನ ವರ್ಷದ ವರದಿ ನೋಡಿದರೆ ಅದೇ ತಪ್ಪು ಮತ್ತೆ! ಒಂದು ಸಲವಾದರೆ ಬಿಡಬಹುದು. ಹೋಮಿನವರು ತಿದ್ದಿಕೊಳ್ಳುತ್ತೇವೆ ಅಂತ ಬರೆದುಕೊಟ್ಟ ಮೇಲೂ ಹೀಗಾದರೆ ಆ ಮಾತನ್ನು ಯಾರು ನಂಬುತ್ತಾರೆ?

ಉಳಿದ ಹೋಮ್‌ಗಳನ್ನು ಹೋಗಿಯೇ ನೋಡಿದೆ. ಇತ್ತೀಚಿನ ವರದಿಯನ್ನು ಯಾರನ್ನೂ ಕೇಳದೆ ಸಿಗುವ ಜಾಗದಲ್ಲಿ ಇಡಬೇಕು ಅಂತ ಕೇಂದ್ರದ ನಿಯಮವೇ ಇದೆ. ಒಂದು ಕಡೆ ಆ ಫೈಲ್ ಎಲ್ಲಿದೆ ಅಂತ ಸಿಬ್ಬಂದಿಗೇ ಗೊತ್ತಿರಲಿಲ್ಲ. ಇನ್ನೊಂದು ಕಡೆ ಬಾಗಿಲ ಹತ್ತಿರವೇ ಇತ್ತು. ಅಲ್ಲಿನ ಮುಖ್ಯ ನರ್ಸ್‌ಗೆ ವರದಿಯ ಒಂದು ಸಾಲು ತೋರಿಸಿ, "ಇದಾದ ಮೇಲೆ ಏನು ಬದಲಾಯಿಸಿದಿರಿ?" ಅಂತ ಕೇಳಿದೆ. ಅವರು ಸಿಟ್ಟಾಗಲಿಲ್ಲ. ರಾತ್ರಿ ಪಾಳಿಯಲ್ಲಿ ಮಲಗಿದವರ ಮಗ್ಗುಲು ಬದಲಿಸಿದ್ದನ್ನು ಬರೆದಿಡುವ ಹಾಳೆ ತೋರಿಸಿ, ಯಾರು ಅದನ್ನು ನೋಡುತ್ತಾರೆ ಅಂತಲೂ ಹೇಳಿದರು. ಅತ್ತೆಯನ್ನು ಅಲ್ಲಿಗೇ ಸೇರಿಸಿದೆವು.

ಸೇರಿಸಿದ ದಿನವೇ ನಮ್ಮ ಪ್ರದೇಶದ ಓಂಬುಡ್ಸ್‌ಮನ್, ಅಂದರೆ ಹೋಮಿನಲ್ಲಿರುವವರ ಪರವಾಗಿ ದೂರು ಕೇಳುವವರ, ನಂಬರನ್ನು ಫೋನಿನಲ್ಲಿ ಹಾಕಿಕೊಂಡೆ. ಹೊಸ ವರದಿ ಬಂದಾಗ ಈಗಲೂ ಓದುತ್ತೇನೆ.