ನಿಮ್ಮ ಬಾವಿ ಸಮುದ್ರಕ್ಕೆ ಬೀಳದಿರಲಿ: ರೋಗ–ನೀರಿನ ನಕ್ಷೆ ಮಾಡುವ ಬಗೆ

ನಿಮ್ಮೂರಲ್ಲಿ ಭೇದಿ ಪ್ರಕರಣಗಳು ಏಕಾಏಕಿ ಜಾಸ್ತಿಯಾಗಿವೆ ಅಂದುಕೊಳ್ಳಿ. ಯಾವ ನೀರಿನ ಮೂಲದಿಂದ ಬಂತು ಅಂತ, ರೋಗಿಗಳ ಮನೆ, ನೀರಿನ ಮೂಲ ಎರಡನ್ನೂ ನಕ್ಷೆಗೆ ಹಾಕಿ ಹುಡುಕಬೇಕು. ಇದಕ್ಕೆ ಒಂದು ಸ್ಮಾರ್ಟ್‌ಫೋನ್, ಒಂದು ಲ್ಯಾಪ್‌ಟಾಪ್ ಸಾಕು. ಹೊಸಬರು ಲ್ಯಾಪ್‌ಟಾಪ್ ಕೆಲಸಕ್ಕೆ ಹೆದರುತ್ತಾರೆ, ಫೋನಿನ ಕೆಲಸ ಸಲೀಸು ಅಂದುಕೊಳ್ಳುತ್ತಾರೆ. ನಾನು ಕಂಡಿರುವುದು ಇದರ ಉಲ್ಟಾ. ನಕ್ಷೆ ಕೆಡುವುದು ಬಾವಿಕಟ್ಟೆಯ ಹತ್ತಿರವೇ.

ಹಂತ 1: ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬರೆದುಕೊಳ್ಳಿ. ಅದಿಲ್ಲದೆ ಹೊರಟವರು ಕಂಡಕಂಡದ್ದಕ್ಕೆಲ್ಲ ಚುಕ್ಕೆ ಇಟ್ಟು ಬರುತ್ತಾರೆ.

ಹಂತ 2: ಫೋನಿನಲ್ಲಿ ಫಾರ್ಮ್ ಮಾಡಿಕೊಳ್ಳಿ. ಸಮೀಕ್ಷೆಯ ಮಾಹಿತಿ ತುಂಬಲೆಂದೇ ಇರುವ ಒಡಿಕೆ ಕಲೆಕ್ಟ್ ಅಥವಾ ಕೋಬೊ ಟೂಲ್‌ಬಾಕ್ಸ್, ಯಾವುದಾದರೂ ಸರಿ. ನೆಟ್‌ವರ್ಕ್ ಇಲ್ಲದ ಕಡೆಯೂ ಮಾಹಿತಿ ತುಂಬಬಹುದು. ಜಾಗದ ಅಂಕಿಗಳನ್ನು ಅದೇ ಬರೆದುಕೊಳ್ಳುತ್ತದೆ, ಕೈಯಲ್ಲಿ ನಕಲು ಮಾಡುವ ರಗಳೆ ಇಲ್ಲ. ಕೆಲವರು ಒಂದು ಅಡ್ಡದಾರಿ ಹಿಡಿಯುತ್ತಾರೆ: ಫೋಟೊ ತೆಗೆದು ಮೆಸೇಜಿಂಗ್ ಆ್ಯಪ್‌ನಲ್ಲಿ ಕಳಿಸಿಬಿಡುವುದು, ಫೋಟೊದಲ್ಲೇ ಜಾಗದ ವಿವರ ಇರುತ್ತದಲ್ವಾ ಅಂತ. ಇರುತ್ತದೆ, ಆದರೆ ಇಂಥ ಆ್ಯಪ್‌ಗಳು ಸಾಮಾನ್ಯವಾಗಿ ಕಳಿಸುವಾಗಲೇ ಅದನ್ನು ಅಳಿಸಿಹಾಕುತ್ತವೆ. ಫೋಟೊ ಮಾತ್ರ ಬಂದು ತಲುಪುತ್ತದೆ.

ಹಂತ 3: ಬಿಂದು ಹಿಡಿಯುವುದು, ಅಂದರೆ ಬಾವಿಯೋ ಮನೆಯೋ ಇರುವ ಜಾಗವನ್ನು ಫೋನಿನಲ್ಲಿ ದಾಖಲಿಸುವುದು. ನಿಧಾನ ಮಾಡಬೇಕಾದದ್ದು ಇಲ್ಲೇ.

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿವೆ. ಜಾಗ ಗೊತ್ತಾಗಲು ಫೋನಿಗೆ ಕನಿಷ್ಠ 4 ಉಪಗ್ರಹಗಳ ಸಂಕೇತ ಬೇಕು. ಅಷ್ಟು ದೂರದಿಂದ ಬರುವ ಸಂಕೇತ ತೀರಾ ದುರ್ಬಲ. ಗೋಡೆ, ತಗಡಿನ ಮಾಡು, ದಟ್ಟ ಮರ ಅದನ್ನು ತಡೆಯುತ್ತವೆ, ಇಲ್ಲವೇ ಪಕ್ಕಕ್ಕೆ ಚಿಮ್ಮಿಸುತ್ತವೆ. ತೆರೆದ ಆಕಾಶದ ಕೆಳಗೆ ಒಳ್ಳೆಯ ಫೋನು ಸುಮಾರು 5 ಮೀಟರ್‌ ಒಳಗೆ ಜಾಗ ತೋರಿಸುತ್ತದೆ. ಆದರೆ ಆ್ಯಪ್ ತೆರೆದ ಕೂಡಲೇ ಅಲ್ಲ. ಎಷ್ಟು ಮೀಟರ್ ತಪ್ಪಿರಬಹುದು ಅಂತ ಆ್ಯಪ್ ತೋರಿಸುತ್ತದೆ, ಮೊದಲು '800 ಮೀ.' ಅನ್ನಬಹುದು. ಅದು ಟವರ್ ನೋಡಿ ಹೇಳಿದ ಅಂದಾಜು. ಆಮೇಲೆ 60, 20, 9 ಅಂತ ಇಳಿಯುತ್ತದೆ. ನೆಟ್‌ವರ್ಕ್ ಇಲ್ಲದಿದ್ದರೆ ಫೋನು ಎಲ್ಲ ವಿವರವನ್ನೂ ಉಪಗ್ರಹದಿಂದಲೇ ಕೇಳಿಸಿಕೊಳ್ಳಬೇಕು, ಹಲವು ನಿಮಿಷ ಹಿಡಿಯುತ್ತದೆ. ಸುಮ್ನೆ ನಿಂತಿರಿ. 8ಕ್ಕಿಂತ ಮೇಲಿನ ಅಂಕಿಯನ್ನು ನಾನು ಒಪ್ಪುವುದೇ ಇಲ್ಲ. ಆಂಡ್ರಾಯ್ಡ್ ಫೋನು '5 ಮೀ.' ಅಂದರೂ ಅದು ಗ್ಯಾರಂಟಿ ಅಲ್ಲ. ಚುಕ್ಕೆಯ ಸುತ್ತಲಿನ 5 ಮೀಟರ್ ವೃತ್ತದೊಳಗೆ ನೀವಿರುವ ಸಾಧ್ಯತೆ ಶೇ 68, ಅಷ್ಟೇ.

ನಿಲ್ಲುವ ಜಾಗದ್ದೂ ಒಂದು ಕಥೆ. ಕೈಪಂಪು ಉರಿಬಿಸಿಲಲ್ಲಿ, ಸಮೀಕ್ಷೆಯವರು ಮರದ ನೆರಳಲ್ಲಿ! ಹಾಗಾದರೆ ನಕ್ಷೆಗೆ ಬರುವುದು ಮರ. ಪಂಪಿನ ಪಕ್ಕವೇ ನಿಂತು ಗುಂಡಿ ಒತ್ತಿ. ಮನೆಯಾದರೆ ಬಾಗಿಲ ಹೊರಗೆ ನಿಲ್ಲಿ, ಒಳಗಲ್ಲ. ಬಾವಿ, ನಲ್ಲಿ ಎರಡೂ 6 ಮೀಟರ್ ಅಂತರದಲ್ಲಿದ್ದರೆ ನಕ್ಷೆಯಲ್ಲಿ ಅದಲುಬದಲಾಗಬಹುದು. ಅದಕ್ಕೇ ಪ್ರತಿ ಮೂಲಕ್ಕೂ ಒಂದು ನಂಬರ್ ಕೊಡಿ, ಸೀಮೆಸುಣ್ಣದಲ್ಲಿ ಅದರ ಮೇಲೇ ಬರೆದು ಫೋಟೊ ತೆಗೆಯಿರಿ.

ಇನ್ನು ಅಂಕಿ ಬರೆಯುವುದು. ಯಾರೋ ಕೊಟ್ಟ ಹಳೆಯ ಪಟ್ಟಿಯಲ್ಲಿ 14°30′ ಅಂತಿತ್ತು. ಹುಡುಗನೊಬ್ಬ ಅದನ್ನು 14.30 ಅಂತ ಟೈಪ್ ಮಾಡಿದ. ಒಂದು ಡಿಗ್ರಿಗೆ 60 ನಿಮಿಷ, ಹಾಗಾಗಿ 30 ನಿಮಿಷ ಅಂದರೆ ಅರ್ಧ ಡಿಗ್ರಿ. ಸರಿಯಾದದ್ದು 14.5. ಅಕ್ಷಾಂಶದ ಒಂದು ಡಿಗ್ರಿ ಸುಮಾರು 111 ಕಿ.ಮೀ. ಆದ್ದರಿಂದ 0.2 ಡಿಗ್ರಿ ತಪ್ಪಿದ ಬಾವಿ 22 ಕಿ.ಮೀ. ದೂರ ಹೋಗಿ ಕೂತಿತ್ತು. ನಕ್ಷೆ ನೋಡಿದವರಿಗೆ ಅನುಮಾನವೂ ಬರಲಿಲ್ಲ, ಯಾಕೆಂದರೆ ಅಲ್ಲೂ ಊರು ಇತ್ತು. ದಶಮಾಂಶದ ನಂತರ 5 ಅಂಕಿ ಸಾಕು, ಐದನೆಯದು ಸುಮಾರು 1.1 ಮೀಟರ್. ಹನ್ನೆರಡು ಅಂಕಿ ಬರೆಯುವುದು ಬರೀ ಷೋಕಿ.

ಹಂತ 4: ಅದೇ ಸಂಜೆ ಎಲ್ಲ ಬಿಂದುಗಳನ್ನೂ ನಕ್ಷೆಯಲ್ಲಿ ತೆರೆದು ನೋಡಿ. ನಾಳೆಯಾದರೆ ತಪ್ಪಿದ ಬಾವಿಗೆ ಮತ್ತೆ ಹೋಗಿಬರಬಹುದು. ತಿಂಗಳ ನಂತರ ಯಾರೂ ಹೋಗುವುದಿಲ್ಲ.

ಹಂತ 5: ಲ್ಯಾಪ್‌ಟಾಪಿನಲ್ಲಿ ನಕ್ಷೆ ಮಾಡುವ ಕ್ಯೂಜಿಐಎಸ್‌ಗೆ ಹಾಕಿ. ಈ ತಂತ್ರಾಂಶ ಉಚಿತ. ದುಬಾರಿ ತಂತ್ರಾಂಶ ಕೊಡಿಸಿ ಅಂತ ಹಟ ಹಿಡಿಯುವವರ ಮಾತು ಈ ಮಟ್ಟದ ಕೆಲಸಕ್ಕೆ ಕೇಳಬೇಡಿ. ಫಾರ್ಮಿನ ಮಾಹಿತಿಯನ್ನು ಸಿಎಸ್‌ವಿ (ಸರಳ ಕೋಷ್ಟಕದ) ಫೈಲ್ ಆಗಿ ಸೇರಿಸಿ, ಎಕ್ಸ್ ಅಂದರೆ ರೇಖಾಂಶ, ವೈ ಅಂದರೆ ಅಕ್ಷಾಂಶ. ಬಾಯಲ್ಲಿ ನಾವು ಅಕ್ಷಾಂಶ ಮೊದಲು ಹೇಳುತ್ತೇವಲ್ಲ, ಆ ಅಭ್ಯಾಸದಿಂದಲೇ ಎರಡೂ ಅದಲುಬದಲಾಗಿ ಊರು ಸಮುದ್ರ ಸೇರುತ್ತದೆ. ಒಂದೆರಡು ಚುಕ್ಕೆ ಆಫ್ರಿಕಾದ ಪಕ್ಕ ಗಿನಿ ಕೊಲ್ಲಿಯಲ್ಲಿ ತೇಲುತ್ತಿದ್ದರೆ, ಅವು ಅಂಕಿ ತುಂಬದೆ ಬಿಟ್ಟು 0 ಆಗಿಹೋದ ಬಿಂದುಗಳು. 0, 0 ಅಂದರೆ ಅಲ್ಲೇ. ನಿರ್ದೇಶಾಂಕ ಪದ್ಧತಿ ಕೇಳಿದಾಗ ಡಬ್ಲ್ಯುಜಿಎಸ್ 84 ಆರಿಸಿ, ಜಿಪಿಎಸ್ ಬಳಸುವುದು ಅದನ್ನೇ.

ಬಾವಿಯ ಸುತ್ತ 500 ಮೀಟರ್ ವೃತ್ತ ಎಳೆಯುವ ಮೊದಲು ಬಾವಿಗಳ ಪದರವನ್ನು (ಲೇಯರ್) ಮೀಟರ್‌ನಲ್ಲಿ ಅಳೆಯುವ ಯುಟಿಎಂ ಪದ್ಧತಿಗೆ ಬದಲಿಸಿ. ಇಲ್ಲದಿದ್ದರೆ ಆ 500 ಡಿಗ್ರಿಯಾಗುತ್ತದೆ. ಇಡೀ ಭೂಮಿ ಸುತ್ತಿದರೂ 360 ಡಿಗ್ರಿಯೇ!

ವೃತ್ತವನ್ನೇ ನಂಬಿಕೊಂಡು ಕೂರಬೇಡಿ. 1854ರಲ್ಲಿ ಲಂಡನ್ನಿನ ಸೋಹೊದಲ್ಲಿ ಕಾಲರಾ ಬಂದಾಗ ವೈದ್ಯ ಜಾನ್ ಸ್ನೋ ಬ್ರಾಡ್ ಸ್ಟ್ರೀಟಿನ ಪಂಪಿನ ಮೇಲೆ ಬೊಟ್ಟು ಮಾಡಿದ. ಸೆಪ್ಟೆಂಬರ್ 8ರಂದು ಅದರ ಹಿಡಿ ಕಳಚಿದರು. ಆದರೆ ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿದ್ದ ಒಬ್ಬ ವಿಧವೆಯೂ ಕಾಲರಾದಿಂದ ತೀರಿಕೊಂಡಿದ್ದಳು. ವಿಚಾರಿಸಿದರೆ, ಆ ಪಂಪಿನ ನೀರೇ ರುಚಿ ಅಂತ ಅಲ್ಲಿಂದಲೇ ತರಿಸಿಕೊಂಡು ಕುಡಿಯುತ್ತಿದ್ದಳಂತೆ. ಯಾವ ವೃತ್ತಕ್ಕೂ ಇದು ಸಿಗುವುದಿಲ್ಲ. 'ಕುಡಿಯುವ ನೀರು ಎಲ್ಲಿಂದ ತರುತ್ತೀರಿ?' ಅನ್ನುವ ಪ್ರಶ್ನೆ ಫಾರ್ಮಿನಲ್ಲಿ ಇರಲೇಬೇಕು.

ಹಂತ 6: ಬಣ್ಣ ಹಚ್ಚುವಾಗ ಬರೀ ಸಂಖ್ಯೆ ತೋರಿಸಬೇಡಿ. 2,000 ಜನರಲ್ಲಿ 20 ಪ್ರಕರಣ ಅಂದರೆ ಶೇ 1, 200 ಜನರಲ್ಲಿ 8 ಅಂದರೆ ಶೇ 4. ಮೊದಲು ಓಡಬೇಕಾದದ್ದು ಎರಡನೆಯ ಕಡೆಗೆ. ಚುಕ್ಕೆಗಳು ದಟ್ಟವಾಗಿರುವ ಕಡೆ ಬಣ್ಣ ಗಾಢವಾಗುವ ಹೀಟ್‌ಮ್ಯಾಪ್ ನನಗಂತೂ ಬೇಡ. ನೋಡಲು ಚೆಂದ, ಆದರೆ ಕೆಂಪಗೆ ಉರಿಯುವುದು ಹೆಚ್ಚಾಗಿ ಜನ ಜಾಸ್ತಿ ಇರುವ ಜಾಗವೇ.

ಹಂತ 7: ಹಂಚುವ ಮುನ್ನ. ಹೆಸರು ಅಳಿಸಿದರೆ ಸಾಲದು. ಉಪಗ್ರಹ ಚಿತ್ರದ ಮೇಲೆ ಚುಕ್ಕೆ ಇಟ್ಟರೆ ಯಾರ ಮನೆ ಅಂತ ಛಾವಣಿ ನೋಡಿಯೇ ಹೇಳುತ್ತಾರೆ. ಹಲವು ದೇಶಗಳಲ್ಲಿ ನಡೆದಿರುವ ಡಿಎಚ್‌ಎಸ್ ಎಂಬ ಜನಸಂಖ್ಯೆ–ಆರೋಗ್ಯ ಸಮೀಕ್ಷೆಗಳಲ್ಲಿ ನಗರದ ಬಿಂದುಗಳನ್ನು 2 ಕಿ.ಮೀ. ವರೆಗೆ, ಹಳ್ಳಿಯವನ್ನು 5 ಕಿ.ಮೀ. ವರೆಗೆ ಬೇಕೆಂದೇ ಸರಿಸಿ ಕೊಡುತ್ತಾರೆ. ಹಳ್ಳಿಯ ಕೆಲವನ್ನು 10 ಕಿ.ಮೀ. ವರೆಗೂ. ನೀವು ಮನೆಗಳ ಬದಲು ಬಡಾವಣೆವಾರು ಲೆಕ್ಕ ಕೊಡಿ. ರೋಗಿಗಳ ಪದರ ಆಫ್ ಮಾಡಿಟ್ಟಿದ್ದೇನಲ್ಲ ಅಂತ ಧೈರ್ಯವಾಗಿರಬೇಡಿ. ಇಡೀ ಫೋಲ್ಡರನ್ನು ಜಿಪ್ ಮಾಡಿ ಕಳಿಸಿದರೆ ಅದೂ ಜೊತೆಗೇ ಹೋಗಿರುತ್ತದೆ.