ಜಪಾನಿನ ಮರದಚ್ಚಿನ ಚಿತ್ರದಲ್ಲಿ ದೇಗುಲ ಕಂಡರೆ ಹೇಗೆ ನೋಡಬೇಕು?

ಹಿರೋಶಿಗೆ ಎಂಬ ಚಿತ್ರಕಾರ 1856ರಲ್ಲಿ ಮಾಡಿದ ಅಸಾಕುಸಾ ದೇಗುಲದ ಚಿತ್ರವನ್ನು ಮೊದಲು ತೆರೆದಿಟ್ಟುಕೊಳ್ಳಿ. ಎಡೋ ನಗರದ, ಅಂದರೆ ಈಗಿನ ಟೋಕಿಯೋದ, ನೋಟಗಳ ಸರಣಿಯಲ್ಲಿ ಅದೂ ಒಂದು; ಆ ಸರಣಿ ಪೂರ್ತಿ ಅಮೆರಿಕದ ಬ್ರೂಕ್ಲಿನ್ ಮ್ಯೂಸಿಯಂನಲ್ಲಿದೆ, ಅವರ ವೆಬ್‌ಸೈಟಿನಲ್ಲಿ ಸುಮ್ನೆ ನೋಡಬಹುದು.

ದೇಗುಲವನ್ನು ಆಮೇಲೆ ಹುಡುಕಿ. ಮೊದಲು ಏನನ್ನು ಕತ್ತರಿಸಿದ್ದಾರೆ ನೋಡಿ. ಮೇಲೆ ದೊಡ್ಡ ಕೆಂಪು ಲಾಟೀನು, ಅದರ ತಲೆಭಾಗ ಚೌಕಟ್ಟಿನಾಚೆ ಹೋಗಿದೆ. ಎಡಕ್ಕೆ ಬಾಗಿಲಿನ ಒಂದು ತುಂಡು ಮಾತ್ರ. ಅಂದರೆ ನಾವು ಕಮಿನಾರಿಮೊನ್ ಹೆಬ್ಬಾಗಿಲ ಹತ್ತಿರ ನಿಂತು ಒಳಗೆ ನೋಡುತ್ತಿದ್ದೇವೆ, ದೂರದಲ್ಲಿ ಹಿಮ ಹೊತ್ತ ಇನ್ನೊಂದು ಬಾಗಿಲು, ಅದರ ಬಲಕ್ಕೆ ಐದಂತಸ್ತಿನ ಗೋಪುರ. 1855ರ ಭೂಕಂಪದಲ್ಲಿ ಆ ಗೋಪುರದ ತುದಿ ಬಗ್ಗಿಹೋಗಿತ್ತು. ಚಿತ್ರದಲ್ಲಿ ನೆಟ್ಟಗಿದೆ! ರಿಪೇರಿಯಾದ ಖುಷಿಗೇ ಈ ಚಿತ್ರ ಬಂತು ಅನ್ನುವವರಿದ್ದಾರೆ, ನನಗೂ ಹಾಗೇ ಅನ್ನಿಸುತ್ತದೆ.

ಈಗ ಅದೇ ಜಾಗದ ಇವತ್ತಿನ ಫೋಟೊ ಪಕ್ಕಕ್ಕಿಡಿ. ಗೋಪುರ ಎಡಕ್ಕೆ ಬಂದುಬಿಟ್ಟಿದೆ ಅಲ್ವಾ? ಹಳೆಯದು 1945ರ ಬಾಂಬ್ ದಾಳಿಯಲ್ಲಿ ಸುಟ್ಟಿತು, 1973ರಲ್ಲಿ ಆಚೆ ಬದಿಗೆ ಕಟ್ಟಿದರು. ಹೆಬ್ಬಾಗಿಲು 1865ರಲ್ಲೇ ಸುಟ್ಟಿತ್ತು, ಈಗಿರುವುದು 1960ರದು. ಫೋಟೊ ಜೊತೆ ಹೀಗೆ ಹೋಲಿಸುವುದನ್ನು ಯಾವ ದೇಗುಲದ ಚಿತ್ರಕ್ಕೂ ಬಿಡಬೇಡಿ.

ಮುಂದೆ ಕವಾಸೆ ಹಸುಯಿ ಎಂಬ ಚಿತ್ರಕಾರರ 1925ರ ಜೋಜೋಜಿ ದೇಗುಲದ ಚಿತ್ರ. ಕೆಂಪು ಬಾಗಿಲು, ಕೊಡೆ ಬಾಗಿಸಿಕೊಂಡು ಹಿಮದಲ್ಲಿ ನಡೆಯುವ ಹೆಂಗಸು. 1622ರ ಆ ಬಾಗಿಲು ಟೋಕಿಯೋದಲ್ಲಿ ಇಂದಿಗೂ ಇದೆ. ಇಲ್ಲಿ ಬಿಳಿಯನ್ನು ನೋಡಿ. ಚಾವಣಿಯ ಮೇಲಿನ ಹಿಮ ಬಣ್ಣವಲ್ಲ, ಬರೀ ಕಾಗದ. ಅಷ್ಟು ಜಾಗದ ಮರವನ್ನು ಕೆತ್ತಿ ತೆಗೆದಿರುತ್ತಾರೆ. ಬಣ್ಣ ಮೆಲ್ಲಗೆ ತೆಳುವಾಗುವ ಕಡೆ ಮುದ್ರಕ ಪ್ರತಿ ಹಾಳೆಗೂ ಕೈಯಿಂದಲೇ ಬಣ್ಣ ಒರೆಸಿ ಅಚ್ಚು ಹಾಕಿರುತ್ತಾನೆ, ಅದಕ್ಕೇ ಒಂದೇ ಚಿತ್ರದ ಎರಡು ಪ್ರತಿಗಳು ಪೂರಾ ಒಂದೇ ಥರ ಇರುವುದಿಲ್ಲ. ಹಸುಯಿ ಬರೆದುಕೊಡುತ್ತಿದ್ದರು ಅಷ್ಟೆ. ಕೆತ್ತುವವರು ಬೇರೆ, ಮುದ್ರಿಸುವವರು ಬೇರೆ.

ಕೊಳ್ಳುವ ಮನಸ್ಸಿದ್ದರೆ ಹಾಳೆಯ ಹಿಂಬದಿ ತೋರಿಸಿ ಅನ್ನಿ. ಬಾರೆನ್ ಅನ್ನುವ ದುಂಡನೆಯ ಬಿಲ್ಲೆಯಿಂದ ಉಜ್ಜಿ ಮುದ್ರಿಸುವುದರಿಂದ ಅಲ್ಲಿ ಬಣ್ಣ ಇಳಿದಿರುತ್ತದೆ, ಕೆಲವೊಮ್ಮೆ ಉಜ್ಜಿದ ಸುತ್ತುಗಳೂ ಕಾಣುತ್ತವೆ. ಭೂತಗನ್ನಡಿಯಲ್ಲಿ ಸಣ್ಣ ಚುಕ್ಕಿಗಳ ಸಾಲು ಕಂಡರೆ ಅದು ಯಂತ್ರದಲ್ಲಿ ಅಚ್ಚಾದ ಆಫ್‌ಸೆಟ್ ಪ್ರಿಂಟ್. ಹಸುಯಿ 1957ರಲ್ಲಿ ತೀರಿಕೊಂಡ ಮೇಲೂ ಅವರ ಚಿತ್ರಗಳ ಅಚ್ಚು ಹಾಕಿದ್ದಾರೆ, ಬೆಲೆಯಲ್ಲಿ ತುಂಬಾ ವ್ಯತ್ಯಾಸ. ಪ್ರಕಾಶಕರ ಮುದ್ರೆ ನೋಡಿ ಯಾವ ಕಾಲದ ಪ್ರತಿ ಅಂತ ಕೇಳಿ. ಅಂಚು ಕತ್ತರಿಸಿದ್ದರೆ ಆ ಮುದ್ರೆಯೇ ಇಲ್ಲದಿರಬಹುದು.

ತಂದ ಮೇಲೆ ಗಮ್ ಟೇಪ್ ಮುಟ್ಟಿಸಬೇಡಿ, ಬಿಸಿಲು ಬೀಳುವ ಗೋಡೆಗೆ ಹಾಕಬೇಡಿ. ಬಣ್ಣ ಮಾಸಿದರೆ ವಾಪಸ್ ಬರುವುದಿಲ್ಲ.